ಎಳ್ಳಮಾವಾಸ್ಯೆಯ ಬುತ್ತಿ ಉಂಡ ಮೇಲೆ ರಾತ್ರಿ ಊಟ ಬೇಕೋ ಬೇಡವೋ

ಎಳ್ಳಮಾವಾಸ್ಯೆಯ ಮಧ್ಯಾಹ್ನ ಕಲಬುರಗಿ, ಬೀದರ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಮಂದಿ ಸಿಗುವುದಿಲ್ಲ. ಎಲ್ಲರೂ ಹೊಲದಲ್ಲಿ. ಪೂಜೆ ಮುಗಿಸಿ, ಹೊಲದ ತುಂಬ ನೈವೇದ್ಯ ಎರಚುವ ಚರಗ ಚೆಲ್ಲಿ, ಬೇವಿನ ನೆರಳಿಗೆ ಕೂತು ಬುತ್ತಿ ಬಿಚ್ಚುವ ಹೊತ್ತಿಗೆ ಎರಡೂವರೆ ಆಗಿರುತ್ತದೆ. ಕಾಳು, ಸೊಪ್ಪು, ಕಾಯಿಪಲ್ಲೆ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಶೇಂಗಾ ಹೋಳಿಗೆ, ಅಂಬಲಿ. ಸಾಕು ಅಂದರೂ ಪಕ್ಕದ ಹೊಲದವರು ಕರೆದು ಕೂರಿಸಿ ಮತ್ತೆ ಬಡಿಸುತ್ತಾರೆ. ಮನೆಗೆ ಬಂದು ರಾತ್ರಿ ಎಂಟಾಯಿತೋ ಇಲ್ಲವೋ, ಮಾತು ಶುರುವಾಗುತ್ತದೆ. "ಇವತ್ತ ರಾತ್ರಿ ನನಗ ಏನೂ ಬ್ಯಾಡವ್ವ, ಮಧ್ಯಾಹ್ನ ಭಾಳ ಆಗ್ಯದ" ಅನ್ನುವವರು ಒಬ್ಬರು. "ಹಾಂಗ ಉಪಾಸ ಮಲಗಬಾರ್ದಪ್ಪ, ಒಂದ್ ತುಣುಕ ರೊಟ್ಟಿನಾದ್ರೂ ತಿನ್ನು" ಅನ್ನುವವರು ಇನ್ನೊಬ್ಬರು. ಮದುವೆಯ ಹುಗ್ಗಿ ಉಂಡು ಬಂದ ದಿನವೂ ಇದೇ, ರವಿವಾರ ಮೂರು ಗಂಟೆಗೆ ತಹರಿ ಉಂಡ ಮನೆಯಲ್ಲೂ ಇದೇ.

ಉತ್ತರವನ್ನು ಮೊದಲೇ ಹೇಳಿಬಿಡಬಹುದು. ಆರೋಗ್ಯವಾಗಿರುವ ದೊಡ್ಡವರಿಗೆ, ಮಧ್ಯಾಹ್ನ ತಡವಾಗಿ ಭಾರಿ ಊಟ ಆಗಿದ್ದರೆ, ರಾತ್ರಿ ಪೂರ್ತಿ ಊಟ ಬೇಕಿಲ್ಲ. ಹಸಿವು ಇಲ್ಲವೆಂದರೆ ಬಿಟ್ಟರೂ ಏನೂ ಆಗುವುದಿಲ್ಲ. ಹಸಿವಾದರೆ ದಿನಾ ರಾತ್ರಿ ಉಣ್ಣುವುದಕ್ಕಿಂತ ಕಡಿಮೆ ಉಂಡರೆ ಸಾಕು, ಅದೂ ಮಲಗುವ ಮೂರು ತಾಸು ಮೊದಲು. ಆದರೆ ಸಕ್ಕರೆ ಕಾಯಿಲೆಗೆ ಕೆಲವು ಬಗೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಉತ್ತರ ಸಲ್ಲುವುದಿಲ್ಲ. ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೂ ಇಲ್ಲ.

ಉಂಡದ್ದು ಎಷ್ಟು ಹೊತ್ತು ಹೊಟ್ಟೆಯಲ್ಲಿರುತ್ತದೆ

ಜಠರವನ್ನು ಬರಿ ಚೀಲ ಅಂದುಕೊಂಡರೆ ತಪ್ಪಾಗುತ್ತದೆ. ಅದರ ಮೇಲ್ಭಾಗ ಸಡಿಲಗೊಂಡು ಉಂಡದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಳಭಾಗ ಒರಳಿನಂತೆ ಕೆಲಸ ಮಾಡುತ್ತದೆ. ತುತ್ತನ್ನು ಮತ್ತೆ ಮತ್ತೆ ಹಿಸುಕಿ, ಒಂದೆರಡು ಮಿಲಿಮೀಟರಿನಷ್ಟು ಸಣ್ಣದಾದ ಮೇಲಷ್ಟೇ ಸಣ್ಣ ಕರುಳಿಗೆ ಬಿಡುತ್ತದೆ. ಸಾಣಿಗೆಯಿಂದ ಹಿಟ್ಟು ಇಳಿದ ಹಾಗೆ ನುಣ್ಣಗಿನದು ಮುಂದೆ ಹೋಗುತ್ತದೆ, ದಪ್ಪನೆಯದು ಮತ್ತೆ ಒರಳಿಗೆ ಬೀಳುತ್ತದೆ. ಹಗುರವಾದ ಸಾದಾ ಊಟದ ಅರ್ಧ ಭಾಗ ಇಳಿಯಲು ಸುಮಾರು ಎರಡು ತಾಸು ಹಿಡಿಯುತ್ತದೆ, ಹೆಚ್ಚುಕಡಿಮೆ ಎಲ್ಲ ಇಳಿಯಲು ನಾಲ್ಕು ತಾಸು. ನೀರು, ಮಜ್ಜಿಗೆ ಬೇಗ ಇಳಿದುಬಿಡುತ್ತವೆ.

ಹಬ್ಬದೂಟ ಸಾದಾ ಊಟವಲ್ಲ. ತುಪ್ಪ, ಶೇಂಗಾ, ಎಳ್ಳು, ಎಣ್ಣೆ ಹಾಕಿ ಕಲಸಿದ ಹಿಂಡಿ (ಚಟ್ನಿಪುಡಿ), ಎಲ್ಲದರಲ್ಲೂ ಜಿಡ್ಡು ಇದೆ. ಜಿಡ್ಡಿನ ಮೊದಲ ಹನಿಗಳು ಸಣ್ಣ ಕರುಳನ್ನು ಮುಟ್ಟುತ್ತಲೇ ಅಲ್ಲಿಂದ ರಸದೂತಗಳು, ಅಂದರೆ ಹಾರ್ಮೋನುಗಳು, ಹೊರಡುತ್ತವೆ, ಜಠರ ತನ್ನ ಬಾಗಿಲನ್ನು ಬಿಗಿ ಮಾಡುತ್ತದೆ. ಜಿಡ್ಡು ಅರಗಲು ಪಿತ್ತರಸ ಬೇಕು, ಹೊತ್ತು ಬೇಕು, ಅದಕ್ಕೇ ಈ ತಡೆ. ಭಜ್ಜಿಯಲ್ಲಿರುವ ಕಾಳುಗಳ ನಾರು ಇನ್ನಷ್ಟು ನಿಧಾನ ಮಾಡುತ್ತದೆ. ಹೀಗಾಗಿ ಇಂಥ ಊಟ ಪೂರ್ತಿ ಇಳಿಯಲು ಆರು ತಾಸು ಹಿಡಿದರೂ ಅಚ್ಚರಿಯಿಲ್ಲ. ಎರಡೂವರೆಗೆ ಉಂಡವರ ಹೊಟ್ಟೆಯಲ್ಲಿ ರಾತ್ರಿ ಎಂಟಕ್ಕೂ ಹೋಳಿಗೆಯ ಪಾಲು ಇದ್ದೇ ಇರುತ್ತದೆ. ಮಧ್ಯಾಹ್ನದ ಭಜ್ಜಿಯ ವಾಸನೆಯ ತೇಗು ಸಂಜೆಯೂ ಬರುತ್ತಿದ್ದರೆ ಒರಳು ಇನ್ನೂ ಖಾಲಿಯಾಗಿಲ್ಲ ಎಂದು ತಿಳಿಯಬೇಕು.

ಅದರ ಮೇಲೆ ಒಂಬತ್ತೂವರೆಗೆ ಮತ್ತೊಂದು ಊಟ ಹಾಕಿ ಹತ್ತಕ್ಕೆ ಮಲಗಿದರೆ ಏನಾಗುತ್ತದೆ? ಅನ್ನನಾಳಕ್ಕೂ ಜಠರಕ್ಕೂ ನಡುವೆ ಸ್ನಾಯುವಿನ ಒಂದು ಬಿಗಿಪಟ್ಟಿ ಇದೆ. ಹೊಟ್ಟೆ ಉಬ್ಬಿದಾಗ ಅದು ಆಗಾಗ ಸಡಿಲುತ್ತದೆ. ಕೂತಿದ್ದರೆ, ನಿಂತಿದ್ದರೆ ಆಮ್ಲ ತನ್ನ ಭಾರಕ್ಕೆ ತಾನೇ ಕೆಳಗಿರುತ್ತದೆ. ಅಡ್ಡಾದೊಡನೆ ಮೇಲಕ್ಕೆ ಹರಿಯುತ್ತದೆ. ಎದೆಯುರಿ, ಹುಳಿತೇಗು, ನಡುರಾತ್ರಿ ಕೆಮ್ಮು, ಬೆಳಿಗ್ಗೆ ಗಂಟಲು ಕೆರೆತ ಎಲ್ಲ ಇದರಿಂದಲೇ. ಮೂರು ತಾಸಿನ ಅಂತರ ಹೇಳುವುದು ಇದೇ ಕಾರಣಕ್ಕೆ. ಎಡಮಗ್ಗುಲಾಗಿ ಮಲಗು ಎಂದು ಹಿರಿಯರು ಹೇಳುವ ಮಾತಿನಲ್ಲೂ ಹುರುಳಿದೆ, ಎಡಕ್ಕೆ ಮಲಗಿದಾಗ ಜಠರದ ಆಮ್ಲ ಅನ್ನನಾಳದ ಬಾಯಿಗಿಂತ ಕೆಳಗೆ ನಿಲ್ಲುತ್ತದೆ. ಎದೆಯುರಿ ರೂಢಿಯಾಗಿ ಬರುವವರು ಮಂಚದ ತಲೆಕಡೆಯ ಎರಡು ಕಾಲಿಗೆ ಆರೇಳು ಅಂಗುಲದ ಇಟ್ಟಿಗೆ ಕೊಡಬೇಕು. ಬರಿ ದಿಂಬು ಏರಿಸಿದರೆ ಕುತ್ತಿಗೆ ಬಾಗಿ ಹೊಟ್ಟೆ ಮಡಚುತ್ತದೆ, ಉರಿ ಹೆಚ್ಚುತ್ತದೆ.

ಬುತ್ತಿಯ ಲೆಕ್ಕ

ಕ್ಯಾಲೊರಿ ಎಣಿಸಿ ಉಣ್ಣಬೇಕೆಂದು ಯಾರಿಗೂ ಹೇಳುತ್ತಿಲ್ಲ, ಹಬ್ಬದ ದಿನವಂತೂ ಬೇಡವೇ ಬೇಡ. ಆದರೆ ಒಮ್ಮೆ ಲೆಕ್ಕ ಹಾಕಿ ನೋಡಿದರೆ ರಾತ್ರಿಯ ಪ್ರಶ್ನೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. 40 ಗ್ರಾಂ ಹಿಟ್ಟಿನ ತೆಳು ಸಜ್ಜಿ ರೊಟ್ಟಿ ಎರಡು ಅಂದರೆ ಸುಮಾರು 280 ಕ್ಯಾಲೊರಿ. ಶೇಂಗಾ ಹೋಳಿಗೆ ಒಂದಕ್ಕೆ 20 ಗ್ರಾಂ ಶೇಂಗಾ, 15 ಗ್ರಾಂ ಬೆಲ್ಲ, 20 ಗ್ರಾಂ ಹಿಟ್ಟು ಹಿಡಿದರೂ 250 ಆಗುತ್ತದೆ, ಎರಡಕ್ಕೆ 500. ಮೇಲೆ ಎರಡು ಚಮಚ ತುಪ್ಪಕ್ಕೆ, ಚಮಚ 10 ಗ್ರಾಂ ಎಂದರೆ, 180. ಒಂದೂವರೆ ಬಟ್ಟಲು ಭಜ್ಜಿಗೆ 300, ಬಟ್ಟಲು ಅನ್ನ ಸಾರಿಗೆ 250, ಎಣ್ಣೆ ಹಾಕಿದ ಹಿಂಡಿಗೆ 100, ಲೋಟ ಅಂಬಲಿಗೆ 60. ಕೂಡಿಸಿದರೆ 1,670. ಕೈಅಳತೆಯ ಮೇಲೆ ನೂರಿನ್ನೂರು ಅತ್ತಿತ್ತ ಆಗಬಹುದು. ಕಡುಬನ್ನೂ, ಹೊಲದಲ್ಲಿ ಕೂತಲ್ಲೇ ಸುಲಿದು ತಿಂದ ಸುಲಗಾಯಿ, ಸೀತನಿಯನ್ನೂ ಇಲ್ಲಿ ಸೇರಿಸಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆಯ ಪ್ರಕಾರ, ಕೂತು ಕೆಲಸ ಮಾಡುವ 55 ಕಿಲೋ ತೂಕದ ಹೆಣ್ಣಿಗೆ ದಿನಕ್ಕೆ 1,660 ಕ್ಯಾಲೊರಿ ಬೇಕು, 65 ಕಿಲೋ ತೂಕದ ಗಂಡಿಗೆ 2,110. ಅಂದರೆ ಆ ಒಂದು ಬುತ್ತಿಯಲ್ಲೇ ಆಫೀಸಿನಲ್ಲಿ ದುಡಿಯುವ ಹೆಣ್ಣುಮಗಳ ಇಡೀ ದಿನದ ಪಾಲು ಮುಗಿದಿದೆ. ಬೆಳಗಿನ ನಾಷ್ಟಾಕ್ಕೆ 300, ಎರಡು ಚಹಾಕ್ಕೆ 120 ಸೇರಿಸಿದರೆ ಗಂಡಸಿನದೂ ಮುಗಿಯುತ್ತದೆ. ಆದರೆ ಅದೇ ಅಳತೆ ಮೈಮುರಿದು ದುಡಿಯುವ ಹೆಣ್ಣಿಗೆ 2,720, ಗಂಡಿಗೆ 3,470 ಎನ್ನುತ್ತದೆ. ಬೆಳಗಾಗೆದ್ದು ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸಿದವಳಿಗೆ, ತೊಗರಿ ಕೊಯ್ದು ಹೊರೆ ಹೊತ್ತವನಿಗೆ ಮಧ್ಯಾಹ್ನ ದೊಡ್ಡ ಊಟ ಆಗಿದ್ದರೂ ರಾತ್ರಿ ಇನ್ನೂ 600ರಿಂದ 1,400ರವರೆಗೆ ಬೇಕೇ ಬೇಕು. "ಒಂದೊತ್ತು ಉಂಡವ ಯೋಗಿ, ಎರಡೊತ್ತು ಉಂಡವ ಭೋಗಿ, ಮೂರೊತ್ತು ಉಂಡವ ರೋಗಿ" ಎಂಬ ಗಾದೆಯನ್ನು ದುಡಿಯುವವರ ತಾಟಿನ ಮೇಲೆ ಹೇರಬಾರದು. ಅದು ಕೂತು ಉಣ್ಣುವವರಿಗೆ ಹೇಳಿದ ಮಾತು.

ಇನ್ನೊಂದು ಭಯವನ್ನು ಇಲ್ಲೇ ಬಿಡಿಸಬೇಕು. ಹಬ್ಬದ ಮರುದಿನ ತಕ್ಕಡಿ ಹತ್ತಿದರೆ ಒಂದು ಕಿಲೋ ಹೆಚ್ಚು ತೋರಿಸುತ್ತದೆ, ಹೆದರಿ ಮೂರು ದಿನ ರಾತ್ರಿ ಊಟ ಬಿಡುವವರಿದ್ದಾರೆ. ಅದು ಕೊಬ್ಬಲ್ಲ. ಹಿಂಡಿ, ಉಪ್ಪಿನಕಾಯಿಯ ಉಪ್ಪು ನೀರನ್ನು ಹಿಡಿದಿಡುತ್ತದೆ. ಮೈ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಕರುಳಿನಲ್ಲಿರುವ ಆಹಾರದ ತೂಕವೂ ಇದೆ. ಎಂದಿನಂತೆ ಉಂಡರೆ ಎರಡು ಮೂರು ದಿನದಲ್ಲಿ ಅದು ಇಳಿಯುತ್ತದೆ.

ಖಾಲಿ ಹೊಟ್ಟೆಯಲ್ಲಿ ಮಲಗಿದರೆ

ಹೊಟ್ಟೆ ಖಾಲಿ ಇದ್ದರೂ ಮೈ ಖಾಲಿ ಇರುವುದಿಲ್ಲ. ಉಂಡ ಸಕ್ಕರೆ, ಪಿಷ್ಟದಲ್ಲಿ ಒಂದು ಪಾಲನ್ನು ಯಕೃತ್ತು ಸುಮಾರು 100 ಗ್ರಾಂ ಗ್ಲೈಕೋಜನ್ನಾಗಿ ಕೂಡಿಟ್ಟು, ರಾತ್ರಿಯಿಡೀ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಈ ದಾಸ್ತಾನು ಬೆಳಗಿನವರೆಗೆ ನಡೆಸುತ್ತದೆ. ಅದಕ್ಕೇ ಸೋಮವಾರ, ಶ್ರಾವಣದಲ್ಲಿ ಒಪ್ಪತ್ತು ಇರುವವರಿಗೆ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದ ಜೈನ ಮನೆಯವರಿಗೆ ಇದರಿಂದ ತೊಂದರೆಯಾಗುವುದಿಲ್ಲ.

ಹಾಗಾದರೆ ಎಂಟೂವರೆಗೆ ಹಸಿದಂತಾಗುವುದು ಏಕೆ? ಜಠರದಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನು ನಾವು ದಿನಾ ಉಣ್ಣುವ ಹೊತ್ತಿಗೆ ಏರುವ ರೂಢಿ ಮಾಡಿಕೊಂಡಿರುತ್ತದೆ. ಉಣ್ಣದಿದ್ದರೂ ಆ ಅಲೆ ಸ್ವಲ್ಪ ಹೊತ್ತಿನಲ್ಲಿ ತಾನೇ ಇಳಿಯುತ್ತದೆ. ರೂಢಿಯ ಹಸಿವೋ ನಿಜವಾದ ಹಸಿವೋ ಎಂದು ತಿಳಿಯುವ ದಾರಿ ಸುಲಭ. ಲೋಟ ನೀರನ್ನೋ ತಿಳಿಮಜ್ಜಿಗೆಯನ್ನೋ ಕುಡಿದು ಇಪ್ಪತ್ತು ನಿಮಿಷ ಕಾಯಿರಿ. ಉಪ್ಪು ಖಾರದ ಊಟದ ಮೇಲೆ ನೀರಡಿಕೆಯೇ ಹಸಿವಿನ ವೇಷ ಹಾಕಿ ಬರುವುದುಂಟು, ನಮ್ಮ ಕಡೆಯ ಬ್ಯಾಸಗಿಯಲ್ಲಂತೂ ಇನ್ನೂ ಹೆಚ್ಚು. ಆಮೇಲೂ ಹಸಿವಿದ್ದು, ಬರಿ ಜೋಳದ ರೊಟ್ಟಿ ಪುಂಡಿಪಲ್ಲೆ ಕೊಟ್ಟರೂ ಉಣ್ಣಬೇಕೆನಿಸಿದರೆ ಉಣ್ಣಿರಿ. ಮಿರ್ಚಿಯೋ ಹೋಳಿಗೆಯೋ ಆದರೆ ಮಾತ್ರ ಬೇಕೆನಿಸಿದರೆ ಅದು ಬಾಯಿಚಪಲ.

ರಾತ್ರಿ ಕಡಿಮೆ ಉಣ್ಣಿ ಎಂದು ಹೇಳಲು ಮತ್ತೊಂದು ಕಾರಣವಿದೆ. ಕತ್ತಲಾದ ಮೇಲೆ ನಿದ್ದೆ ತರುವ ಮೆಲಟೋನಿನ್ ಏರುತ್ತದೆ, ಅದು ಮೇದೋಜೀರಕದಿಂದ ಇನ್ಸುಲಿನ್ ಬರುವುದನ್ನು ತಗ್ಗಿಸುತ್ತದೆ. ಸ್ನಾಯುಗಳೂ ಆ ಹೊತ್ತಿಗೆ ಸಕ್ಕರೆಯನ್ನು ಬೆಳಗಿನಷ್ಟು ಚುರುಕಾಗಿ ಎಳೆದುಕೊಳ್ಳುವುದಿಲ್ಲ. ಅದೇ ಎರಡು ರೊಟ್ಟಿ ಬೆಳಿಗ್ಗೆ ಏರಿಸುವುದಕ್ಕಿಂತ ರಾತ್ರಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತವೆ. ಮಧ್ಯಾಹ್ನ ಕಾಳು ಬೇಳೆ ಚೆನ್ನಾಗಿ ಉಂಡಿದ್ದರೆ ಮುಂದಿನ ಊಟದ ಏರಿಕೆ ತುಸು ತಗ್ಗುತ್ತದೆ, ಆ ಮಟ್ಟಿಗೆ ಭಜ್ಜಿ ರಾತ್ರಿಗೂ ಒಳ್ಳೆಯದು ಮಾಡುತ್ತದೆ.

ಸಕ್ಕರೆ ಕಾಯಿಲೆಯವರು ನಿಂತು ಓದಬೇಕಾದ ಭಾಗ

"ಮಧ್ಯಾಹ್ನ ಸಿಹಿ ಭಾಳ ಆಗ್ಯದ, ರಾತ್ರಿ ಊಟ ಬಿಟ್ಟರ ಸರಿಹೋಗ್ತದ" ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಗುಳಿಗೆ ಯಾವುದು ಎಂಬುದರ ಮೇಲೆ ಅದು ಪ್ರಾಣಕ್ಕೆ ಕುತ್ತು ತರಬಹುದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಾಜೈಡ್ ಇರುವ ಗುಳಿಗೆಗಳು ನೀವು ಉಂಡಿದ್ದೀರೋ ಇಲ್ಲವೋ ನೋಡದೆ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತವೆ. ರಾತ್ರಿ ಊಟಕ್ಕೆ ಮೊದಲು ಚುಚ್ಚಿಕೊಳ್ಳುವ ಮಿಶ್ರ ಇನ್ಸುಲಿನ್ ಕೂಡ ಹಾಗೆಯೇ. ಗುಳಿಗೆ ನುಂಗಿ ಊಟ ಬಿಟ್ಟರೆ ನಡುರಾತ್ರಿ ರಕ್ತದ ಸಕ್ಕರೆ 70ರ ಕೆಳಗೆ ಇಳಿಯಬಹುದು. ಎಚ್ಚರವಿದ್ದಾಗಾದರೆ ನಡುಕ, ಬೆವರು, ಎದೆ ಢವಢವ ಗೊತ್ತಾಗುತ್ತದೆ. ನಿದ್ದೆಯಲ್ಲಿ ಗೊತ್ತಾಗುವುದು ಕಷ್ಟ. ಕೆಟ್ಟ ಕನಸು, ಬೆವರಿಗೆ ತೊಯ್ದ ಹಾಸಿಗೆ, ಬೆಳಿಗ್ಗೆ ಎದ್ದಾಗ ತಲೆನೋವು ಇದರ ಗುರುತುಗಳು. ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್‌ನಂಥ ಗುಳಿಗೆಗಳು ನಡುಕ ಮತ್ತು ಢವಢವವನ್ನು ಮುಚ್ಚಿಹಾಕುತ್ತವೆ, ಬೆವರೊಂದೇ ಉಳಿಯುತ್ತದೆ. ಹಬ್ಬದ ಸಂಜೆ ಸೆರೆ ಕುಡಿದು ಉಣ್ಣದೆ ಮಲಗುವುದು ಎಲ್ಲಕ್ಕಿಂತ ಅಪಾಯ. ಯಕೃತ್ತು ಮದ್ಯವನ್ನು ಕಳೆಯುವ ಕೆಲಸದಲ್ಲಿ ಸಿಕ್ಕಿಕೊಂಡು ಹೊಸದಾಗಿ ಸಕ್ಕರೆ ತಯಾರಿಸುವುದನ್ನು ನಿಲ್ಲಿಸುತ್ತದೆ.

ಇಂಥ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಒಂದು ರೊಟ್ಟಿ, ಬಟ್ಟಲು ಬೇಳೆ, ಪಲ್ಲೆ, ಇಷ್ಟನ್ನಾದರೂ ಎಂದಿನ ಹೊತ್ತಿಗೆ ಉಣ್ಣಲೇಬೇಕು. ಮನೆಯಲ್ಲಿ ಸಕ್ಕರೆ ನೋಡುವ ಮಷೀನು ಇದ್ದರೆ ಮಲಗುವ ಮೊದಲು ನೋಡಿ, 100ಕ್ಕಿಂತ ಕಡಿಮೆ ಇದ್ದರೆ ಮತ್ತೆ ಸ್ವಲ್ಪ ತಿಂದೇ ಮಲಗಬೇಕು. ಹೋಳಿಗೆ ತಿಂದೆನೆಂದು ಗುಳಿಗೆ ಎರಡು ಮಾಡುವುದು, ಊಟ ಬಿಟ್ಟೆನೆಂದು ಗುಳಿಗೆಯನ್ನೂ ತಾನೇ ಬಿಡುವುದು ಎರಡೂ ತಪ್ಪು. ಹಬ್ಬಕ್ಕೆ ವಾರ ಮೊದಲೇ ವೈದ್ಯರನ್ನು ಕೇಳಿ "ಆ ದಿನ ಮಧ್ಯಾಹ್ನ ದೊಡ್ಡ ಊಟ, ರಾತ್ರಿ ಸಣ್ಣದು, ಗುಳಿಗೆ ಹೆಂಗ ತಗೋಬೇಕ್ರಿ" ಎಂದು ಬರೆಸಿಕೊಂಡು ಬನ್ನಿ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿಯುವ ಭಯ ಬಹಳ ಕಡಿಮೆ, ಖಾಲಿ ಹೊಟ್ಟೆಗೆ ವಾಕರಿಕೆ, ಭೇದಿ ಆಗಬಹುದು ಅಷ್ಟೆ.

ಸಕ್ಕರೆ ಇಳಿದದ್ದು ಗೊತ್ತಾದರೆ ಮೂರು ಟೀ ಚಮಚ ಸಕ್ಕರೆಯನ್ನು, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ ಕೊಡಿ, ಏರಿದ ಮೇಲೆ ರೊಟ್ಟಿಯನ್ನೋ ಅನ್ನವನ್ನೋ ಉಣಿಸಿ. ಎದುರಿಗಿದೆ ಎಂದು ಹೋಳಿಗೆ, ಪೇಢೆ ಕೊಡಬೇಡಿ. ಅದರ ಜಿಡ್ಡು ಜಠರದ ಬಾಗಿಲನ್ನು ಬಿಗಿ ಮಾಡುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹನಿಸಬೇಡಿ, ಅದು ಶ್ವಾಸಕ್ಕೆ ಹೋಗುತ್ತದೆ. 108ಕ್ಕೆ ಫೋನು ಮಾಡಿ.

ಬೇರೆ ಗುಳಿಗೆಗಳದ್ದು ಒಂದೆರಡು ಮಾತು. ಊಟ ಬಿಟ್ಟೆನೆಂದು ಬಿಪಿ ಗುಳಿಗೆ ಬಿಡಬಾರದು. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆಯನ್ನು ಖಾಲಿ ಹೊಟ್ಟೆಗೆ ನುಂಗಬಾರದು, ನಾಲ್ಕು ತುತ್ತು ಮೊಸರನ್ನವಾದರೂ ಇರಲಿ.

ಉಣ್ಣುವುದಾದರೆ ಏನು, ಎಷ್ಟು

ಏಳರಿಂದ ಎಂಟರೊಳಗೆ, ಒಂದು ಬಿಸಿ ಜೋಳದ ರೊಟ್ಟಿ, ಬಟ್ಟಲು ಸೊಪ್ಪಿನ ಪಲ್ಲೆ, ಲೋಟ ಮಜ್ಜಿಗೆ. ಇಲ್ಲವೇ ಜೋಳದ ನುಚ್ಚು ಮಜ್ಜಿಗೆ. ಇಲ್ಲವೇ 30 ಗ್ರಾಂ ಅಕ್ಕಿಗೆ 20 ಗ್ರಾಂ ಹೆಸರುಬೇಳೆ ಹಾಕಿದ ತೆಳು ಕಿಚಡಿ. ಹೊಟ್ಟೆ ಇನ್ನೂ ಭಾರ ಇದ್ದು, ಏನಾದರೂ ಬೇಕೆನಿಸಿದರೆ ಅಂಬಲಿಗಿಂತ ಒಳ್ಳೆಯದಿಲ್ಲ. ಒಬ್ಬರಿಗೆ ಎರಡು ಊಟದ ಚಮಚ, 20 ಗ್ರಾಂ, ಜೋಳದ ಹಿಟ್ಟನ್ನು ಅರ್ಧ ಬಟ್ಟಲು ತಣ್ಣೀರಿನಲ್ಲಿ ಕದಡಿಕೊಳ್ಳಿ. ಬಿಸಿನೀರಿಗೆ ನೇರ ಹಿಟ್ಟು ಹಾಕಿದರೆ ಹೊರಪದರ ಬೆಂದು ಒಳಗೆ ಹಸಿ ಉಳಿದು ಗಂಟಾಗುತ್ತದೆ. ಒಂದೂವರೆ ಬಟ್ಟಲು ನೀರು ಕುದಿಯುವಾಗ ಇದನ್ನು ಸುರಿದು, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಯಾಡಿಸಿ, ಹಸಿವಾಸನೆ ಹೋಗಬೇಕು. ಉಗುರುಬೆಚ್ಚಗಾದ ಮೇಲೆ ಬಟ್ಟಲು ಮಜ್ಜಿಗೆ, ಉಪ್ಪು, ಜಜ್ಜಿದ ಬಳ್ಳೊಳ್ಳಿ, ಜೀರಿಗೆ. ಕುದಿಯುವಾಗಲೇ ಮಜ್ಜಿಗೆ ಹಾಕಿದರೆ ಒಡೆಯುತ್ತದೆ. ಎದೆಯುರಿ ಇರುವವರು ಬಳ್ಳೊಳ್ಳಿ ಬಿಡಲಿ. ಇಷ್ಟಕ್ಕೂ ನೂರು ಕ್ಯಾಲೊರಿಯ ಆಸುಪಾಸು.

"ಹಗುರ" ಎಂದು ಹೆಸರಿಟ್ಟು ತಿನ್ನುವ ಬಹಳಷ್ಟು ಹಗುರವಲ್ಲ. ಸಂಜೆ ಆರಕ್ಕೆ ಚುರುಮುರಿ ಸುಸಲಾ ಜೊತೆ ಮೂರು ಮಿರ್ಚಿ ತಿಂದರೆ ರಾತ್ರಿ ಊಟ ಅಲ್ಲಿಗೇ ಆಯಿತೆಂದು ಲೆಕ್ಕ. ತಪ್ಪುವುದು ಹೆಚ್ಚಾಗಿ ಹೀಗೆ: ಮಧ್ಯಾಹ್ನ ಉಂಡು ಎರಡು ತಾಸು ಮಲಗುತ್ತಾರೆ, ರಾತ್ರಿ ಊಟ ಬೇಡ ಎನ್ನುತ್ತಾರೆ, ಹನ್ನೊಂದಾದರೂ ನಿದ್ದೆ ಹತ್ತುವುದಿಲ್ಲ, ಆಗ ಚೂಡಾದ ಡಬ್ಬಿ ಕೈಗೆ ಬರುತ್ತದೆ. ಎಂಟಕ್ಕೆ ಉಂಡ ಒಂದು ರೊಟ್ಟಿಗಿಂತ ಹನ್ನೊಂದರ ಮೂರು ಮುಷ್ಟಿ ಚೂಡಾ ಹೆಚ್ಚು ಕೆಡಿಸುತ್ತದೆ. ಅದಕ್ಕೇ ಮಧ್ಯಾಹ್ನದ ನಿದ್ದೆ ಅರ್ಧ ತಾಸು ದಾಟಬಾರದು, ಅದೂ ಊಟವಾದ ಕೂಡಲೇ ಅಡ್ಡಾಗದೆ, ಬೆನ್ನಿಗೆ ಆಸರೆ ಕೊಟ್ಟು ಕೂತು. ಊಟದ ಮೇಲೆ ಹೊಲದ ಬದುವಿನ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೆ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ.

ಮಕ್ಕಳನ್ನು ಮಾತ್ರ ಹಾಗೇ ಮಲಗಿಸಬೇಡಿ. ಅವರ ಜಠರ ಚಿಕ್ಕದು, ದಾಸ್ತಾನೂ ಚಿಕ್ಕದು. ದಿನವಿಡೀ ಕಬ್ಬು, ಬಾರೆಹಣ್ಣು ತಿಂದು ಸರಿಯಾಗಿ ಊಟ ಮಾಡಿರುವುದಿಲ್ಲ. ಸ್ವಲ್ಪ ಅನ್ನ ಬೇಳೆ, ಹಾಲು ಕೊಡಿ. ಬಸುರಿಯರು, ಬಾಣಂತಿಯರು ಒಮ್ಮೆಲೇ ಉಣ್ಣದೆ ಎರಡು ಪಾಲು ಮಾಡಿ ಉಣ್ಣಲಿ. ಕ್ಷಯಕ್ಕೆ ಔಷಧ ತೆಗೆದುಕೊಳ್ಳುವವರು, ತೂಕ ಇಳಿಯುತ್ತಿರುವ ವಯಸ್ಸಾದವರು ಯಾವ ಊಟವನ್ನೂ ಬಿಡುವಂತಿಲ್ಲ.

ಉಳಿದ ಬುತ್ತಿ

"ಕೆಡ್ತದ, ತಿಂದು ಮುಗಸ್ರಿ" ಎಂಬ ಮಾತಿಗೆ ರಾತ್ರಿ ಎಷ್ಟೋ ಮಂದಿ ಹಸಿವಿಲ್ಲದೆ ಉಣ್ಣುತ್ತಾರೆ. ಕೆಡುವುದು ಯಾವುದು ಎಂದು ತಿಳಿದಿದ್ದರೆ ಆ ಪೇಚು ಇರುವುದಿಲ್ಲ. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡಕ್ ರೊಟ್ಟಿಗಳಲ್ಲಿ ನೀರಿನಂಶ ಕಡಿಮೆ. ಒಣಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ವಾರ ಇರುತ್ತವೆ, ಆ ರಾತ್ರಿಯೇ ಮುಗಿಸುವ ಅವಸರವಿಲ್ಲ. ಭಜ್ಜಿ, ಅನ್ನ, ಹೂರಣದ ಹೋಳಿಗೆ, ಕಟ್ಟಿನ ಸಾರು ಹಾಗಲ್ಲ. ಬೇಯಿಸಿದ ಹಸಿ ಅಡಿಗೆ ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಬಾರದು, ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ತಾಸು. ಬೆಳಿಗ್ಗೆ ಆರಕ್ಕೆ ಮಾಡಿ, ಬುಟ್ಟಿಯಲ್ಲಿ ಹೊತ್ತು, ಹೊಲದಲ್ಲಿಟ್ಟು ತಂದದ್ದಕ್ಕೆ ರಾತ್ರಿ ಎಂಟಕ್ಕೆ ಹದಿನಾಲ್ಕು ತಾಸು. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ರೋಗಾಣು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ, ವಾಸನೆಯಿಂದಲೂ ಗೊತ್ತಾಗುವುದಿಲ್ಲ. ಉಂಡ ಒಂದರಿಂದ ಆರು ತಾಸಿನೊಳಗೆ ವಾಂತಿ ಶುರುವಾಗುತ್ತದೆ. ರಾತ್ರಿಗೂ ಭಜ್ಜಿ ಬೇಕೆನಿಸಿದರೆ ಬೆಳಿಗ್ಗೆ ಬುತ್ತಿ ಕಟ್ಟುವ ಮೊದಲೇ ಒಂದು ಪಾಲು ತೆಗೆದು, ಅಗಲ ತಾಟಿನಲ್ಲಿ ಹರವಿ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ರಾತ್ರಿ ಬೇಕಾದಷ್ಟನ್ನೇ ಬೇರೆ ತೆಗೆದು, ನಡುವೆಯೂ ಕೊತಕೊತ ಕುದಿಯುವ ಹಾಗೆ ಬಿಸಿ ಮಾಡಿ ಬಡಿಸಬೇಕು. ಫ್ರಿಜ್ಜು ಇಲ್ಲದ ಮನೆಯವರು ಮಧ್ಯಾಹ್ನ ಹೊಲದಲ್ಲೇ ದಾರಿಹೋಕರನ್ನು ಕರೆದು ಉಣಿಸಿ, ಬುಟ್ಟಿ ಖಾಲಿ ಮಾಡಿಕೊಂಡು ಬರುವುದು ಲೇಸು.